ಜಲಕ್ರೀಡಾಪ್ರಿಯ ಕುಟುಂಬಕ್ಕೆ ನೆಲೆ: ಕಡಲ ದಂಡೆಯೇ, ಹೊಳೆಯ ದಂಡೆಯೇ?

ಬೆಂಗಳೂರು, ಮುಂಬಯಿ ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಊರಿಗೆ ಮರಳಬಯಸುವ ಕರಾವಳಿಯ ಕುಟುಂಬಗಳ ಬೇಡಿಕೆಯ ಪಟ್ಟಿಗೆ ಈಚೆಗೆ ಹೊಸ ಅಂಶವೊಂದು ಸೇರಿದೆ. ಶಾಲೆ, ಆಸ್ಪತ್ರೆ, ಹೆದ್ದಾರಿಗಳ ಜೊತೆಗೆ ನೀರೂ ಬೇಕು. ಮಕ್ಕಳು ಮನೆಯ ಅಂಗಳದಿಂದಲೇ ಇಳಿದು ಈಜುವಂತಿರಬೇಕು, ಕಯಾಕ್ ನಡೆಸುವಂತಿರಬೇಕು. ವಿದೇಶಗಳಲ್ಲಿ ಇಂತಹ ಕುಟುಂಬಗಳು ಸರೋವರದ ದಂಡೆಯ ಬಡಾವಣೆಗಳನ್ನು ಅರಸುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಅಂತಹ ದೊಡ್ಡ ಸರೋವರಗಳಿಲ್ಲ. ಇಲ್ಲಿರುವುದು ಕಡಲು, ಅಳಿವೆ ಮತ್ತು ಹಿನ್ನೀರು. ಈ ಮೂರರ ವ್ಯತ್ಯಾಸವನ್ನರಿಯದೆ ಜಾಗಕ್ಕೆ ಮುಂಗಡ ಕೊಡುವುದು ದುಡುಕಿನ ವ್ಯವಹಾರವೇ ಸರಿ.

ಮೊದಲು ಮನಸೆಳೆಯುವುದು ಕಡಲ ದಂಡೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ. ಆ ನೋಟಕ್ಕೆ ಮಾರುಹೋಗದವರಿಲ್ಲ. ಬೈಂದೂರಿನ ಸೋಮೇಶ್ವರ ತೀರದ ಚೆಲುವೂ ಕಡಿಮೆಯದಲ್ಲ. ಆದರೆ ಮನೆಯವರೆಲ್ಲ ಸೇರಿ ಆಡುವ ನೀರು ಎಂಬ ದೃಷ್ಟಿಯಿಂದ ನೋಡಿದರೆ ಲೆಕ್ಕವೇ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ವರ್ಷದ ಮೂರನೆಯ ಒಂದು ಭಾಗ, ಈ ಕಡಲು ಕ್ರೀಡೆಗೆ ಮುಚ್ಚಿದಂತೆಯೇ. ಯಾಂತ್ರೀಕೃತ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಉಳಿದ ತಿಂಗಳುಗಳಲ್ಲಿಯೂ ದಡದಿಂದ ಹೊರಕ್ಕೆ ಸೆಳೆಯುವ ಪ್ರವಾಹಗಳನ್ನು ಗುರುತಿಸಬಲ್ಲವರಿಗೆ ಮಾತ್ರ ಅದು ಸುರಕ್ಷಿತ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಈ ತೀರದ ಅನೇಕ ಕಡೆ ಕಡಲ್ಕೊರೆತ ಉಂಟಾಯಿತು. ಅಲೆ ಸವಾರಿಯನ್ನು ಶಿಸ್ತಾಗಿ ಕಲಿಯಬೇಕೆಂಬ ಮಕ್ಕಳಿದ್ದರೆ ದಕ್ಷಿಣದ ಮೂಲ್ಕಿಯಲ್ಲಿ 2004ರಿಂದಲೇ ತರಬೇತಿಯ ಪರಂಪರೆ ಬೆಳೆದುಬಂದಿದೆ. ಅದಕ್ಕಾಗಿ ಕಡಲಿಗೆ ಮುಖಮಾಡಿಯೇ ಮನೆ ಕಟ್ಟಬೇಕಾಗಿಲ್ಲ.

ಅಳಿವೆಯ ಮಾತು ಬೇರೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಸೇರುವ ಪಂಚಗಂಗಾವಳಿಯ ವಿಸ್ತಾರದಲ್ಲಿ ಕುಂದಾಪುರ ಪಟ್ಟಣ ಮೂರು ದಿಕ್ಕಿಗೂ ನೀರನ್ನು ಹೊಂದಿದೆ. ಎದುರಿನ ಗಂಗೊಳ್ಳಿ ಕಣ್ಣಳತೆಯಲ್ಲಿಯೇ ಇದ್ದರೂ ರಸ್ತೆಯಲ್ಲಿ ಹೋಗುವವರು ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಬೇಕು. ಆದರೆ ಅಳಿವೆಯ ಬಾಯಿ ಮೀನುಗಾರಿಕಾ ದೋಣಿಗಳ ಹೆದ್ದಾರಿ. ಮರಳ ದಿಬ್ಬಗಳು ಜಾಗ ಬದಲಿಸುವ, ಇಳಿತದ ಸೆಳೆತ ಬಲವಾಗಿರುವ ಆ ಸ್ಥಳ ಮಕ್ಕಳ ಕಯಾಕ್‌ಗೆ ತಕ್ಕುದಲ್ಲ. ಒಳಗಿನ ಉಪ್ಪಿನಕುದ್ರು ಮುಂತಾದ ಕುದ್ರುಗಳ ಸುತ್ತಲಿನ ಕವಲುಗಳು ಶಾಂತವಾಗಿವೆ. ಯಕ್ಷಗಾನ ಗೊಂಬೆಯಾಟದಿಂದ ಹೆಸರಾದ ಈ ಕುದ್ರುವಿಗೆ ಜಲಕ್ರೀಡೆಯಿಂದಲೂ ಹೆಸರು ಬಂದರೆ ಆಶ್ಚರ್ಯವಿಲ್ಲ.

ಕಲಿಕೆಯ ಹಂತದ ಕುಟುಂಬಕ್ಕೆ ಹೆಚ್ಚು ಒಪ್ಪುವುದು ಬ್ರಹ್ಮಾವರ ತಾಲ್ಲೂಕಿನ ಸೀತಾ ನದಿಯ ಹಿನ್ನೀರು. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವ ವ್ಯವಸ್ಥೆ ಈಗಾಗಲೇ ಪ್ರವಾಸಿಗರನ್ನು ಸೆಳೆಯುತ್ತಿದೆ. ಅಲೆಗಳಿಲ್ಲ, ಭರತದ ನೀರಿನೊಂದಿಗೆ ಮೇಲಕ್ಕೆ ಹೋಗಿ ಇಳಿತದೊಂದಿಗೆ ಮರಳಿದರೆ ತೋಳಿಗೆ ಶ್ರಮವೂ ಕಡಿಮೆ. ಕಡಲಿಗೂ ಸುವರ್ಣಾ ನದಿಗೂ ನಡುವಿನ ಕಿರಿದಾದ ಪಟ್ಟಿಯಾದ ಕೋಡಿ ಬೆಂಗ್ರೆ ವಿಹಾರಕ್ಕೆ ಅದ್ಭುತ, ವಾಸಕ್ಕೆ ಇಕ್ಕಟ್ಟು. ಅಪಾಯದ ಹೊತ್ತಿನಲ್ಲಿ ತಲುಪಬೇಕಾದ ಮಣಿಪಾಲದ ಆಸ್ಪತ್ರೆಗೆ ಬ್ರಹ್ಮಾವರವೇ ಹತ್ತಿರ, ಬೈಂದೂರು ಅತಿ ದೂರ ಎಂಬುದನ್ನೂ ಗಮನಿಸಬೇಕು.

ಹಿನ್ನೀರು ನಿರಪಾಯವೆಂದು ಇದರರ್ಥವಲ್ಲ. ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ. ಸೊಂಟದಷ್ಟಿದ್ದ ನೀರು ಮುಂದಿನ ಹೆಜ್ಜೆಗೆ ಆಳುದ್ದವಾಗಬಹುದು. ಎಲ್ಲಿ ಹೊಂಡವಿದೆ, ಎಲ್ಲಿ ಬಲೆ ಬಿಟ್ಟಿದ್ದಾರೆ ಎಂಬುದನ್ನು ಚಿಪ್ಪು ಹೆಕ್ಕುವವರನ್ನೂ ದೋಣಿಯವರನ್ನೂ ಕೇಳಿ ತಿಳಿಯಬೇಕೇ ಹೊರತು ದಲ್ಲಾಳಿಗಳಿಂದಲ್ಲ.

ದಂಡೆಯ ಬೆಲೆ ಎಷ್ಟು?

ವ್ಯವಹಾರಸ್ಥರೂ ಎಡವುವ ವಿಷಯವಿದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಭರತದ ನೀರು ಬರುವ ಹೊಳೆಯ ಭರತ ರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ಜಾಗ ಅಭಿವೃದ್ಧಿ ನಿಷಿದ್ಧ ವಲಯ. ಕಡಲ ಬದಿಯಲ್ಲಿ ಜನಸಾಂದ್ರತೆಗೆ ಅನುಗುಣವಾಗಿ ಇದು 50 ಅಥವಾ 200 ಮೀಟರ್. ಅಗಲವಾದ ಹೊಳೆಗೆ ತಾಗಿ 25 ಮೀಟರ್ ಅಗಲ, 80 ಮೀಟರ್ ಉದ್ದದ ಜಾಗವೊಂದನ್ನು ಊಹಿಸಿಕೊಂಡರೆ ಒಟ್ಟು ವಿಸ್ತೀರ್ಣ 2,000 ಚದರ ಮೀಟರ್, ಅಂದರೆ ಸುಮಾರು 49 ಸೆಂಟ್ಸ್. ನಿಷಿದ್ಧ ವಲಯ ಕಳೆದರೆ ಉಳಿಯುವುದು 750 ಚದರ ಮೀಟರ್, ಸುಮಾರು 18½ ಸೆಂಟ್ಸ್ ಮಾತ್ರ. ಸೆಂಟ್ಸೊಂದಕ್ಕೆ ಹೇಳಿದ ದರ ಕಟ್ಟಲು ಸಿಗುವ ಜಾಗಕ್ಕೆ ಲೆಕ್ಕ ಹಾಕಿದಾಗ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಈ ಲೆಕ್ಕವನ್ನು ಮಾರುವವರು ಮಾಡಿ ತೋರಿಸುವುದಿಲ್ಲ. ನಿಷಿದ್ಧ ವಲಯದೊಳಗೆ ಅಧಿಕೃತವಾದ ಹಳೆಯ ಮನೆಯಿದ್ದರೆ ತಳ ವಿಸ್ತೀರ್ಣ ಹೆಚ್ಚಿಸದೆ ದುರಸ್ತಿ ಅಥವಾ ಪುನರ್ನಿರ್ಮಾಣಕ್ಕೆ ಅವಕಾಶವಿರುವುದರಿಂದ, ದಂಡೆಯ ಹಂಚಿನ ಮನೆಯೊಂದು ಅನೇಕ ಸಂದರ್ಭಗಳಲ್ಲಿ ಖಾಲಿ ಜಾಗಕ್ಕಿಂತ ಲಾಭಕರ.

ಇನ್ನೊಂದು ಸ್ಥಳೀಯ ತೊಡಕು ಕುಮ್ಕಿ. ವರ್ಗ ಜಾಗಕ್ಕೆ ತಾಗಿ ಹೊಳೆಯವರೆಗೂ ತೋರಿಸುವ ತೋಟದಲ್ಲಿ ಕುಮ್ಕಿಯೆಷ್ಟು, ಪರಂಬೋಕು ಎಷ್ಟು ಎಂಬುದನ್ನು ಪಹಣಿ ಹಾಗೂ ನಕ್ಷೆಯಿಂದ ಅಳೆದು ನೋಡಬೇಕು. ಕುಮ್ಕಿ ಸರಕಾರದ ಭೂಮಿ, ಅದನ್ನು ಮಾರುವ ಹಕ್ಕು ವರ್ಗದಾರನಿಗಿಲ್ಲ. ಅನಿವಾಸಿ ಭಾರತೀಯರು ಉತ್ತರಾಧಿಕಾರದಿಂದ ಕೃಷಿಭೂಮಿ ಪಡೆಯಬಹುದಾದರೂ ಅದನ್ನು ಖರೀದಿಸುವಂತಿಲ್ಲ. ಅವರ ಮಟ್ಟಿಗೆ ಭೂಪರಿವರ್ತನೆ ಕ್ರಯಪತ್ರಕ್ಕೆ ಮೊದಲೇ ಮುಗಿದಿರಬೇಕು.

ನಗರದ ಫ್ಲಾಟ್ ಮಾರಿದ ಹಣದಲ್ಲಿ ಇಲ್ಲಿ ಮನೆ ಕಟ್ಟುವವರು ಬಂಡವಾಳ ಲಾಭದ ತೆರಿಗೆ ವಿನಾಯಿತಿಗಾಗಿ ಮೂರು ವರ್ಷಗಳೊಳಗೆ ನಿರ್ಮಾಣ ಪೂರೈಸಬೇಕು. ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದೊಳಗೆ ವಿನಿಯೋಗವಾಗದ ಮೊತ್ತವನ್ನು ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಪರವಾನಗಿ ಸಿಗದೆ ಮೂರು ವರ್ಷ ಕಳೆದರೆ ಉಳಿದ ಮೊತ್ತಕ್ಕೆ ತೆರಿಗೆ ತಪ್ಪದು. ಹೊಳೆಯ ದಂಡೆಯ ಜಾಗದಲ್ಲಿ ಈ ಅಪಾಯ ಒಳನಾಡಿಗಿಂತ ಹೆಚ್ಚು. ಕಟ್ಟಿದ ಮನೆ ಕೊಳ್ಳುವವರಿಗೆ ಮಾರಾಟದ ನಂತರ ಎರಡು ವರ್ಷಗಳ ಅವಧಿಯಿದೆ.

ಕೊಳ್ಳುವ ಮೊದಲು ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಅದೇ ದಂಡೆಯಲ್ಲಿ ವಾಸಿಸಿ ನೋಡುವ ಕುಟುಂಬಗಳ ಕ್ರಮ ಶ್ಲಾಘನೀಯ. ಆ ಅವಧಿಯಲ್ಲಿ ಮೇ ತಿಂಗಳೂ ಮಳೆಗಾಲವೂ ಸೇರಿರಬೇಕು. ಮೇ ತಿಂಗಳಿನಲ್ಲಿ ಬಾವಿಯ ನೀರನ್ನು ಕುಡಿದು ನೋಡಿದರೆ ಉಪ್ಪು ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯುತ್ತದೆ. ಜುಲೈಯಲ್ಲಿ ಹೊಳೆ ಎಷ್ಟು ಮೇಲೇರುತ್ತದೆಂದು ಕಾಣಬಹುದು. 2020ರ ಸೆಪ್ಟೆಂಬರ್ 20ರ ನೆರೆ ಯಾವ ಮೆಟ್ಟಿಲವರೆಗೆ ಬಂದಿತ್ತೆಂಬುದನ್ನು ನೆರೆಮನೆಯ ಹಿರಿಯರು ಗೋಡೆಯ ಮೇಲೆಯೇ ತೋರಿಸಿಕೊಡುತ್ತಾರೆ.