ಖಜಾನೆಯಿಂದ ಗರ್ಭಗುಡಿಗೆ

ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ, ಹಾಸನದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ. ಆದರೆ ಊರಿಗೆ ಹಬ್ಬದ ಕಳೆ ಕಟ್ಟುವುದು ಅದಕ್ಕೂ ಮುಂಚೆ, ದೇವಿಯ ಒಡವೆಗಳು ಸರ್ಕಾರಿ ಖಜಾನೆಯಿಂದ ಹೊರಟಾಗ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಕಾಯುವ ಖಜಾನೆಯೇ ವರ್ಷವಿಡೀ ಅಮ್ಮನ ಚಿನ್ನವನ್ನೂ ಕಾಯುತ್ತದೆ. ಬೀಗ ತೆಗೆದು, ಪೂಜೆ ಸಲ್ಲಿಸಿ, ಒಡವೆ ಪೆಟ್ಟಿಗೆಗಳನ್ನು ಬೆಳ್ಳಿ ರಥಕ್ಕೇರಿಸುತ್ತಾರೆ. ಮುಂದೆ ಮಂಗಳವಾದ್ಯ, ಅಕ್ಕಪಕ್ಕ ಕಂದಾಯ ಇಲಾಖೆಯ ಅಧಿಕಾರಿಗಳು, ಸುತ್ತ ಪೊಲೀಸರು. ಮುಚ್ಚಿದ ಪೆಟ್ಟಿಗೆಗೇ ಜನ ಕೈಮುಗಿಯುತ್ತಾರೆ.

ಜಪಾನಿನ ಪುರಾಣದಲ್ಲೂ ಬಾಗಿಲು ತೆರೆಯುವ ಮುನ್ನ ಒಡವೆ ಬರಬೇಕು. ಸೂರ್ಯದೇವಿ ಅಮತೆರಾಸು ಮುನಿದು ಗುಹೆ ಸೇರಿದಾಗ ಲೋಕ ಕತ್ತಲಾಯಿತು. ದೇವತೆಗಳು ಗುಹೆಯ ಮುಂದೆ ಮರವೊಂದನ್ನು ನಿಲ್ಲಿಸಿ, ಅದಕ್ಕೆ ಕನ್ನಡಿಯನ್ನೂ ಬಾಗಿದ ಮಣಿಗಳ ಸರವನ್ನೂ ತೂಗುಹಾಕಿ, ಕುಣಿದು ನಕ್ಕು ಅವಳನ್ನು ಹೊರಗೆ ಕರೆತಂದರು. ‘ಮಗತಮ’ ಎನ್ನುವ ಆ ಮಣಿ ಇಂದಿಗೂ ಅಲ್ಲಿನ ಮೂರು ರಾಜಚಿಹ್ನೆಗಳಲ್ಲಿ ಒಂದು. ಉಳಿದೆರಡು ಕನ್ನಡಿ ಮತ್ತು ಕತ್ತಿ. 2019ರ ಮೇ 1ರಂದು ನರುಹಿತೊ ಸಿಂಹಾಸನವೇರಿದಾಗಲೂ ಮಣಿ ಮುಚ್ಚಿದ ಪೆಟ್ಟಿಗೆಯಲ್ಲೇ ಬಂತು, ಹಾಗೆಯೇ ಮರಳಿತು. ಅದನ್ನು ಯಾರಿಗೂ ತೋರಿಸುವ ಪದ್ಧತಿಯಿಲ್ಲ.

ಹಾಸನದಲ್ಲಿ ಪೆಟ್ಟಿಗೆ ತೆರೆಯಲೇಬೇಕು. ಇಲ್ಲಿ ದೇವಿ ನೆಲೆಸಿರುವುದು ಹುತ್ತದ ರೂಪದಲ್ಲಿ. ಸಪ್ತಮಾತೃಕೆಯರಲ್ಲಿ ವೈಷ್ಣವಿ, ಕೌಮಾರಿ, ಮಾಹೇಶ್ವರಿ ಈ ಗರ್ಭಗುಡಿಯಲ್ಲಿದ್ದಾರೆ ಎಂಬುದು ನಂಬಿಕೆ. ಗುರುವಾರ ಅರಸು ಮನೆತನದವರು ಗರ್ಭಗುಡಿಯ ಎದುರು ಬಾಳೆಕಂದು ಕಡಿಯುತ್ತಾರೆ. ದೇವಿಯ ಮೊದಲ ದೃಷ್ಟಿ ಜನರ ಮೇಲೆ ಬೀಳಬಾರದೆಂದು ಆ ಶಾಸ್ತ್ರ. ಬಾಗಿಲು ತೆರೆದ ಮೇಲೆ ಹುತ್ತದ ಮಣ್ಣಿಗೆ ಕಿರೀಟ ಬರುತ್ತದೆ, ಸರ ಬರುತ್ತದೆ, ಸೀರೆ ಸುತ್ತುತ್ತದೆ, ಹೂವು ಏರುತ್ತದೆ. ನೋಡನೋಡುತ್ತ ಅಲ್ಲಿ ತಾಯಿ ಕೂತಿರುತ್ತಾಳೆ.

ಈ ಒಡವೆಗೆ ಖಜಾನೆಗಿಂತ ಹಳೆಯ ಕಾವಲೂ ಒಂದಿದೆ. ಕದಿಯಲು ಬಂದ ನಾಲ್ವರು ಕಳ್ಳರನ್ನು ದೇವಿ ಕಲ್ಲಾಗಿಸಿದಳಂತೆ. ಅವರ ನೆನಪಿಗೆ ಕಳ್ಳಪ್ಪನ ಗುಡಿಯೇ ಇದೆ. ಆಸೆಪಟ್ಟು ಕೈಹಾಕಿದವರಿಗೂ ಗುಡಿ ಕಟ್ಟಿಕೊಟ್ಟ ಊರು ಇದು!

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸುಗಳು ಜನರನ್ನು ತಂದು ಇಳಿಸುತ್ತಲೇ ಇರುತ್ತವೆ. ಗಂಟೆಗಟ್ಟಲೆ ಸರತಿಯಲ್ಲಿ ನಿಂತವರಿಗೆ ಗರ್ಭಗುಡಿಯ ಮುಂದೆ ಸಿಗುವುದು ಅರೆಗಳಿಗೆ. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಕಿರೀಟದ ಹೊಳಪು, ಹೂವಿನ ರಾಶಿ. ಎಷ್ಟು ತೊಲ ಚಿನ್ನವೆಂದು ಅಲ್ಲಿ ಯಾರೂ ಅಳೆಯುವುದಿಲ್ಲ. ಅಮ್ಮ ಈ ವರ್ಷ ಲಕ್ಷಣವಾಗಿದ್ದಾಳೆ ಎನ್ನುತ್ತ ಮುಂದೆ ಸಾಗುತ್ತಾರೆ.

ಬಲಿಪಾಡ್ಯಮಿ ಮುಗಿದ ಮೇಲೆ ಬಾಗಿಲು ಮುಚ್ಚುತ್ತದೆ, ಒಡವೆ ಮತ್ತೆ ಖಜಾನೆ ಸೇರುತ್ತದೆ. ಹುತ್ತಕ್ಕೆ ಚಿನ್ನದ ಹಂಗಿಲ್ಲ. ವರ್ಷಕ್ಕೊಮ್ಮೆ ಬಂದು ‘ಅಮ್ಮಾ’ ಎನ್ನುವವರಿಗೆ ಎದುರಿಗೊಂದು ಮುಖ ಬೇಕು; ಸರ್ಕಾರ ಬೀಗ ಹಾಕಿ ಕಾಯುತ್ತಿರುವುದು ಅದನ್ನೇ.