ಬೀಗದ ಕೈ ಯಾರಲ್ಲಿದೆ?

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆಷ್ಟು ಅಧಿಕಾರ, ಮಾರಿದವನಿಗೆಷ್ಟು ಅಧಿಕಾರ ಎಂಬ ಪ್ರಶ್ನೆಯು ಹೊಲಮನೆಗಳ ವಿಷಯದಲ್ಲಿ ನಮ್ಮ ಜನರಿಗೆ ಹೊಸದಲ್ಲ. ಕ್ರಯಪತ್ರಕ್ಕೂ ಗೇಣಿಚೀಟಿಗೂ ಇರುವ ಅಂತರವನ್ನು ಅಕ್ಷರವರಿಯದ ರೈತನೂ ಬಲ್ಲನು. ಆದರೆ ಗಣಕಯಂತ್ರದ ವಿಷಯ ಬಂದಾಗ ಈ ಅಂತರವನ್ನು ವಿದ್ಯಾವಂತರೇ ಮರೆತಂತೆ ತೋರುತ್ತದೆ. ಯಂತ್ರವನ್ನು ನಾವು ಕೊಳ್ಳುತ್ತೇವೆ. ಅದನ್ನು ನಡೆಯಿಸುವ ತಂತ್ರಾಂಶವನ್ನು ಗೇಣಿಗೆ ಪಡೆಯುತ್ತೇವೆ. ಒಡೆಯನು ಮನಸ್ಸು ಬದಲಾಯಿಸಿದ ದಿನ ನಮ್ಮ ಯಂತ್ರವು ನಮ್ಮ ಮೇಜಿನ ಮೇಲೆಯೇ ಇದ್ದು ನಮ್ಮದಲ್ಲದಂತಾಗುತ್ತದೆ.

ಅಂತರಸನಹಳ್ಳಿಯಂಥ ಊರಿನಲ್ಲಿ ಈ ಪ್ರಶ್ನೆಯು ಕೇವಲ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ಇಲ್ಲಿ ಕೈಗಾರಿಕಾ ಪ್ರದೇಶವಿದೆ, ತರಕಾರಿಯ ಮಾರುಕಟ್ಟೆಯಿದೆ. ಸಣ್ಣ ಕಾರ್ಖಾನೆಯ ಜಿ.ಎಸ್.ಟಿ. ಲೆಕ್ಕವೂ, ಮಂಡಿಯವರ ದಿನವಹಿಯೂ, ಮಕ್ಕಳ ಆನ್‌ಲೈನ್ ಅರ್ಜಿಯೂ ಇಂದು ಲ್ಯಾಪ್‌ಟಾಪಿನಿಂದಲೇ ಸಾಗಬೇಕು. ಹೊಸದನ್ನು ಕೊಳ್ಳಲಾರದವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹಳೆಯದನ್ನು ತರುವುದುಂಟು. ಅಂಥವರಿಗೆ ‘ನಿಮ್ಮ ಯಂತ್ರ ಅಗ್ಗದ್ದು, ಇದರಲ್ಲಿ ನಮ್ಮ ತಂತ್ರಾಂಶ ನಡೆಯಕೂಡದು’ ಎಂದು ಸಮುದ್ರದಾಚೆಯ ಕಂಪನಿಯೊಂದು ಹೇಳಿದರೆ, ಅದು ಅವರ ಅನ್ನದ ಪ್ರಶ್ನೆಯಾಗುತ್ತದೆ.

ಹೀಗೆ ಹೇಳಿದ ಪ್ರಸಿದ್ಧ ಪ್ರಸಂಗವೊಂದನ್ನು ವಾಚಕರ ನೆನಪಿಗೆ ತರುವುದು ಉಚಿತ. 2007ರ ಕೊನೆಯಲ್ಲಿ ತೈವಾನಿನ ಅಸೂಸ್ ಕಂಪನಿಯು ‘ಈಈಈ ಪಿಸಿ’ ಎಂಬ ಪುಟ್ಟ ಲ್ಯಾಪ್‌ಟಾಪನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಇಂಟೆಲ್ ಕಂಪನಿಯ ‘ಆಟಂ’ ಎಂಬ ಅಗ್ಗದ ಸಂಸ್ಕಾರಕವು ಬಂದ ಮೇಲೆ ‘ನೆಟ್‌ಬುಕ್’ ಎಂಬ ಒಂದು ಹೊಸ ಜಾತಿಯೇ ಹುಟ್ಟಿತು. ಇದೇ ಕಾಲದಲ್ಲಿ ಆಪಲ್ ಕಂಪನಿಯ ಅತ್ಯಂತ ಅಗ್ಗದ ಲ್ಯಾಪ್‌ಟಾಪಿಗೂ ಸಾವಿರ ಡಾಲರಿನಷ್ಟು ಬೆಲೆಯಿತ್ತು; ನೆಟ್‌ಬುಕ್ಕುಗಳು ಅದರ ಅರ್ಧಕ್ಕಿಂತಲೂ ಕಡಮೆಗೆ ದೊರೆಯುತ್ತಿದ್ದವು. ಐನೂರು ಡಾಲರಿಗೆ ಕಸವಲ್ಲದ ಗಣಕವನ್ನು ಮಾಡಲು ತಮಗೆ ಬಾರದೆಂಬ ಅರ್ಥದ ಮಾತನ್ನು ಆ ಕಂಪನಿಯ ಮುಖಂಡರಾದ ಸ್ಟೀವ್ ಜಾಬ್ಸ್ ಅವರು 2008ರಲ್ಲಿ ಆಡಿದ್ದರು. ಕುಶಲರಾದ ಬಳಕೆದಾರರು ಸುಮ್ಮನಿರಲಿಲ್ಲ. ಆಪಲ್ ಕಂಪನಿಯ ‘ಮ್ಯಾಕ್ ಓಎಸ್ ಎಕ್ಸ್’ ತಂತ್ರಾಂಶವನ್ನು ಡೆಲ್ ಮಿನಿ 9 ಮೊದಲಾದ ಅಗ್ಗದ ಯಂತ್ರಗಳಲ್ಲಿ ಸ್ಥಾಪಿಸಿ ನಡೆಯಿಸತೊಡಗಿದರು. 2009ರ ನವೆಂಬರ್ ತಿಂಗಳಲ್ಲಿ ಹೊರಬಂದ 10.6.2 ಎಂಬ ಪರಿಷ್ಕರಣದಲ್ಲಿ ಆಟಂ ಸಂಸ್ಕಾರಕಕ್ಕೆ ಇದ್ದ ಆಸರೆಯನ್ನು ಕಂಪನಿಯು ತೆಗೆದುಹಾಕಿತು. ಪರಿಷ್ಕರಣವನ್ನು ಹಾಕಿಕೊಂಡವರ ನೆಟ್‌ಬುಕ್ಕುಗಳು ಮೇಲೇಳಲಿಲ್ಲ. ಕೆಲವೇ ದಿನಗಳಲ್ಲಿ ಜಾಣರು ತಂತ್ರಾಂಶದ ಗರ್ಭವನ್ನೇ ತಿದ್ದಿ ಮತ್ತೆ ದಾರಿ ಮಾಡಿಕೊಂಡರೆಂಬುದು ಬೇರೆ ಮಾತು.

ಅದೇ ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಅಮೆರಿಕೆಯ ಫ್ಲಾರಿಡಾ ಸಂಸ್ಥಾನದ ಸೈಸ್ಟಾರ್ ಎಂಬ ಸಣ್ಣ ಕಂಪನಿಯು 2008ರಿಂದ ಸಾಧಾರಣ ಗಣಕಗಳಲ್ಲಿ ಆಪಲ್ ತಂತ್ರಾಂಶವನ್ನು ತುಂಬಿ ಮಾರುತ್ತಿತ್ತು. ಆಪಲ್ ಕಂಪನಿಯು ದಾವೆ ಹೂಡಿತು. ತಾನು ತಂತ್ರಾಂಶದ ಪ್ರತಿಗಳನ್ನು ಹಣ ಕೊಟ್ಟೇ ಕೊಂಡಿರುವೆನೆಂದು ಸೈಸ್ಟಾರ್ ವಾದಿಸಿತು. ಆದರೆ ಆಪಲ್ ಕಂಪನಿಯ ಪರವಾನಿಗೆ ಪತ್ರದಲ್ಲಿ ‘ಆಪಲ್ ಮುದ್ರೆಯ ಗಣಕಗಳಲ್ಲಿ ಮಾತ್ರ’ ಎಂಬ ಷರತ್ತು ಇತ್ತು. ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು 2009ರ ನವೆಂಬರಿನಲ್ಲಿ ಆಪಲ್ ಪರವಾಗಿ ತೀರ್ಪಿತ್ತರು. ಡಿಸೆಂಬರಿನಲ್ಲಿ ಶಾಶ್ವತ ತಡೆಯಾಜ್ಞೆಯಾಯಿತು. 2011ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ತಂತ್ರಾಂಶವು ಮಾರಾಟವಾದುದಲ್ಲ, ಪರವಾನಿಗೆಯಾಗಿ ಕೊಡಲ್ಪಟ್ಟುದು ಎಂಬ ತತ್ತ್ವವು ಅಲ್ಲಿ ಗೆದ್ದಿತು. ಅಂದರೆ ಕ್ರಯವಲ್ಲ, ಗೇಣಿ.

ಕಂಪನಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಆ ತಂತ್ರಾಂಶವನ್ನು ರಚಿಸಲು ಅದು ಅಪಾರ ಶ್ರಮವನ್ನೂ ಧನವನ್ನೂ ವ್ಯಯಿಸಿದೆ. ಯಂತ್ರದ ಬೆಲೆಯಲ್ಲಿಯೇ ತಂತ್ರಾಂಶದ ಶ್ರಮಫಲವನ್ನು ಪಡೆಯುವುದು ಅದರ ವ್ಯಾಪಾರದ ಕ್ರಮ. 2009ರಲ್ಲಿ ಕೇವಲ 29 ಡಾಲರಿಗೆ ಪರಿಷ್ಕರಣದ ತಟ್ಟೆಯನ್ನು ಮಾರಿದ್ದು ಹಳೆಯ ಗಿರಾಕಿಗಳಿಗೆಂದೇ ಹೊರತು ಊರಿನ ಎಲ್ಲ ಯಂತ್ರಗಳಿಗೆಂದಲ್ಲ. ಹಿಂದೆ 1995ರ ಸುಮಾರಿನಲ್ಲಿ ಬೇರೆ ಕಂಪನಿಗಳಿಗೆ ಪರವಾನಿಗೆ ಕೊಟ್ಟು, ಅವರು ತನ್ನ ಗಿರಾಕಿಗಳನ್ನೇ ಸೆಳೆದುಕೊಂಡುದನ್ನು ಕಂಡು, 1997ರಲ್ಲಿ ಜಾಬ್ಸ್ ಅವರು ಮರಳಿ ಬಂದ ಮೇಲೆ ಆ ಬಾಗಿಲನ್ನು ಅದು ಮುಚ್ಚಿತ್ತು. ಯಾರೋ ಮಾಡಿದ ಯಂತ್ರದಲ್ಲಿ ತಂತ್ರಾಂಶವು ಕೆಟ್ಟರೆ ಅಪಕೀರ್ತಿಯು ತನಗೇ ಎಂಬ ಅದರ ಭಯವೂ ನಿರಾಧಾರವಲ್ಲ. ಪರರ ಕೃತಿಯನ್ನು ತುಂಬಿ ಲಾಭಕ್ಕೆ ಮಾರುವವನನ್ನು ತಡೆಯುವುದರಲ್ಲಿ ನಮಗೂ ಆಕ್ಷೇಪಣೆಯಿಲ್ಲ.

ಆದರೆ ವ್ಯಾಪಾರಿಯ ವಿಷಯ ಬೇರೆ, ಮನೆಯವನ ವಿಷಯ ಬೇರೆ. ಹಣ ತೆತ್ತು ಒಂದು ಪ್ರತಿಯನ್ನು ತಂದು, ತನ್ನದೇ ಯಂತ್ರದಲ್ಲಿ, ತನ್ನದೇ ಹೊಣೆಯ ಮೇಲೆ ಹಾಕಿಕೊಳ್ಳುವವನು ಯಾರ ಗಂಟನ್ನು ಕದ್ದಂತಾಯಿತು? ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಆಪಲ್ ತಂತ್ರಾಂಶದ ಬುಡದಲ್ಲಿರುವ ‘ಡಾರ್ವಿನ್’ ಎಂಬ ಭಾಗವು ಬಹುಮಟ್ಟಿಗೆ ಕಾರ್ನೆಗಿ ಮೆಲನ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ವಿದ್ವಾಂಸರು ಲೋಕಕ್ಕೆ ಮುಕ್ತವಾಗಿ ಒಪ್ಪಿಸಿದ ಕೃತಿಗಳಿಂದ ಬೆಳೆದುದು. ಊರಿನ ಕೆರೆಯ ನೀರನ್ನು ಕಾಲುವೆಗೆ ಹರಿಸಿಕೊಂಡು ತೋಟ ಬೆಳೆದವನು, ತೋಟಕ್ಕೆ ಬೇಲಿ ಹಾಕುವುದು ಸರಿ. ಆದರೆ ಕೆರೆಯ ಋಣವು ಅವನ ಮೇಲೆ ಇದ್ದೇ ಇರುತ್ತದೆ.

ತುಮಕೂರಿನವರಿಗೆ ಎಚ್.ಎಂ.ಟಿ. ಗಡಿಯಾರದ ನೆನಪು ಇನ್ನೂ ಮಾಸಿಲ್ಲ. ಆ ಕಾರ್ಖಾನೆಯು ಈ ಊರಿನಲ್ಲಿಯೇ ಇತ್ತು. ಗಡಿಯಾರ ವಿಭಾಗವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ನಿರ್ಣಯಿಸಿದ ಮೇಲೂ, ಅದರ ಗಡಿಯಾರಗಳು ಅನೇಕರ ಮುಂಗೈಗಳಲ್ಲಿ ನಡೆಯುತ್ತಲೇ ಇವೆ. ಕಾರಣವೇನು? ಸಂತೆಬೀದಿಯ ಯಾವ ರಿಪೇರಿಯವನಾದರೂ ಅದರ ಬೆನ್ನನ್ನು ಬಿಚ್ಚಬಲ್ಲನು, ಚಕ್ರ ಬದಲಾಯಿಸಬಲ್ಲನು. ಕಾರ್ಖಾನೆ ಸತ್ತಿತೆಂದು ಗಡಿಯಾರ ಸಾಯಲಿಲ್ಲ. ಕಂಪನಿಯ ಒಂದು ತೀರ್ಮಾನದಿಂದ ಜೀವ ಬಿಡುವ ಯಂತ್ರಕ್ಕಿಂತ, ಕಂಪನಿಯೇ ಹೋದರೂ ನಡೆಯುವ ಯಂತ್ರವು ಬಡ ದೇಶಕ್ಕೆ ಹೆಚ್ಚು ಹಿತವೆಂಬುದನ್ನು ವಿವರಿಸಬೇಕಾಗಿಲ್ಲ.

ಇದು ಒಂದೇ ಕಂಪನಿಯ ಕಥೆಯೂ ಅಲ್ಲ, ಮುಗಿದ ಕಥೆಯೂ ಅಲ್ಲ. ಆಪಲ್ ಕಂಪನಿಯು 2020ರಲ್ಲಿ ಸ್ವಂತ ಸಂಸ್ಕಾರಕಗಳ ಕಡೆಗೆ ತಿರುಗಿತು. 2025ರಲ್ಲಿ ಹೊರತಂದ ‘ಟಾಹೋ’ ಎಂಬ ಆವೃತ್ತಿಯೇ ಇಂಟೆಲ್ ಯಂತ್ರಗಳಿಗೆ ಕಡೆಯದೆಂದು ಸಾರಿತು. ಹೊರಗಿನ ಯಂತ್ರಗಳಿಗೆ ಇದ್ದ ಕಿಂಡಿಯೂ ಹೀಗೆ ಮುಚ್ಚುತ್ತಿದೆ. ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿರುವ ಮೈಕ್ರೋಸಾಫ್ಟ್ ಕಂಪನಿಯ ತಂತ್ರಾಂಶದಲ್ಲಿಯೂ ಇದೇ ನೀತಿ ಕಾಣುತ್ತದೆ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ರಕ್ಷಣಾ ಸಾಧನವನ್ನೂ ಸಾಮಾನ್ಯವಾಗಿ 2017ರ ಉತ್ತರಾರ್ಧದ ಅನಂತರದ ಇಂಟೆಲ್ ಸಂಸ್ಕಾರಕವನ್ನೂ ಬೇಡುತ್ತದೆ. ಹಿಂದಿನ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ನಿಂತಿತು. ರಕ್ಷಣೆಯ ಕಾರಣವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಕೀಲಿಮಣೆ ಸರಿಯಾಗಿ, ಪರದೆ ಸರಿಯಾಗಿ, ಲೆಕ್ಕ ಮಾಡುವ ಶಕ್ತಿಯೂ ಸಾಕಾಗುವಷ್ಟಿರುವ ಲ್ಯಾಪ್‌ಟಾಪು ಒಂದು ತಾರೀಖಿನ ಬೆಳಗಿನಿಂದ ಗುಜರಿಗೆ ಯೋಗ್ಯವಾಯಿತೆಂದರೆ, ಆ ತಾರೀಖನ್ನು ಬರೆದ ಕೈ ನಮ್ಮದಲ್ಲವೆಂಬುದಂತೂ ನಿಶ್ಚಯ.

ಹಾಗಾದರೆ ಕದ್ದ ಪ್ರತಿಗಳನ್ನು ಹಾಕಿಕೊಳ್ಳೋಣವೇ? ಪೇಟೆಯಲ್ಲಿ ಇದು ನಡೆಯುತ್ತಿರುವುದನ್ನು ಎಲ್ಲರೂ ಬಲ್ಲರು. 1957ರ ಕೃತಿಸ್ವಾಮ್ಯ ಕಾನೂನು ಇದಕ್ಕೆ ಕಠಿಣವಾಗಿದೆ. ಗಣಕದ ತಂತ್ರಾಂಶದ ಅಕ್ರಮ ಪ್ರತಿಯನ್ನು ತಿಳಿದೂ ಬಳಸುವವನಿಗೆ 63-ಬಿ ವಿಧಿಯ ಮೇರೆಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಕಾರಾಗೃಹವಾಸವೂ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟು. ಇತ್ತ 52ನೆಯ ವಿಧಿಯು ನ್ಯಾಯವಾಗಿ ಪಡೆದ ಪ್ರತಿಯುಳ್ಳವನಿಗೆ, ಆ ತಂತ್ರಾಂಶವು ಯಾವ ಉದ್ದೇಶಕ್ಕೆ ಕೊಡಲ್ಪಟ್ಟಿತೋ ಅದಕ್ಕಾಗಿ ನಕಲು ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ. 2012ರಲ್ಲಿ ಸೇರಿಸಿದ 65-ಎ ವಿಧಿಯು ತಾಂತ್ರಿಕ ಬೀಗವನ್ನು ಒಡೆಯುವುದನ್ನು ಶಿಕ್ಷಾರ್ಹವೆಂದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿದ್ದಾಗಲೇ ಹಾಗೆಂದು ಹೇಳುತ್ತದೆ. ನಮ್ಮ ಕಾನೂನಿನಲ್ಲಿ ಬಳಕೆದಾರನು ಪೂರ್ಣ ಅನಾಥನಲ್ಲ. ಆದರೆ ಕಳವಿಗೆ ಅದು ಆಶ್ರಯವನ್ನೂ ಕೊಡುವುದಿಲ್ಲ.

ಕಾನೂನಿಗಿಂತಲೂ ದೊಡ್ಡ ಕಾರಣವೊಂದುಂಟು. ಸ್ವದೇಶಿ ಚಳವಳಿಯ ಕಾಲದಲ್ಲಿ ನಮ್ಮ ಹಿರಿಯರು ಮ್ಯಾಂಚೆಸ್ಟರಿನ ಬಟ್ಟೆಯನ್ನು ಕದ್ದು ಉಡಿರೆಂದು ಬೋಧಿಸಲಿಲ್ಲ. ಅದನ್ನು ಬಿಟ್ಟು ನೂಲಿರಿ ಎಂದರು. ಕದ್ದ ಬಟ್ಟೆಯನ್ನುಟ್ಟವನಿಗೂ ನಾಳೆ ಅದೇ ಗಿರಣಿಯ ಬಟ್ಟೆಯೇ ಬೇಕಾಗುತ್ತದೆ. ನೂತವನಿಗೆ ಮಾತ್ರ ಗಿರಣಿಯ ಹಂಗು ತಪ್ಪುತ್ತದೆ. ಉಪ್ಪಿನ ಉದಾಹರಣೆಯೂ ಇಲ್ಲಿ ಹೊಂದದು. 1930ರಲ್ಲಿ ಅಂಕೋಲೆಯ ಸಮುದ್ರತೀರದಲ್ಲಿ ಕಾನೂನು ಮುರಿದವರು ಪ್ರಕೃತಿ ಕೊಟ್ಟ ಉಪ್ಪಿನ ಮೇಲಣ ಕರವನ್ನು ಧಿಕ್ಕರಿಸಿದರು. ತಂತ್ರಾಂಶವು ಪ್ರಕೃತಿ ಕೊಟ್ಟುದಲ್ಲ, ಮನುಷ್ಯರು ನೂತುದು. ಆದುದರಿಂದ ಇಲ್ಲಿ ನಮಗೆ ಬೇಕಾದುದು ಉಪ್ಪಿನ ಹಾದಿಯಲ್ಲ, ಚರಕದ ಹಾದಿ.

ಚರಕವು ಸಿದ್ಧವಾಗಿಯೇ ಇದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ‘ಲಿನಕ್ಸ್’ ಇಂದು ಲೋಕದ ಅಸಂಖ್ಯ ಯಂತ್ರಗಳನ್ನು ನಡೆಯಿಸುತ್ತಿದೆ. ಯಾರು ಬೇಕಾದರೂ ಅದನ್ನು ಪಡೆಯಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ವಿಂಡೋಸ್ 11 ಒಲ್ಲೆನೆಂದ ಲ್ಯಾಪ್‌ಟಾಪುಗಳಲ್ಲಿ ಅನೇಕವು ಇದರಿಂದ ಮತ್ತೆ ಚೇತರಿಸಿಕೊಳ್ಳುತ್ತವೆ. ನೆರೆಯ ಕೇರಳವು ಈ ಶತಮಾನದ ಮೊದಲ ದಶಕದಲ್ಲಿಯೇ ತನ್ನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ನೆಲೆಗೊಳಿಸಿತು. ಕೇಂದ್ರ ಸರ್ಕಾರವು 2015ರಲ್ಲಿ ತನ್ನ ಕಚೇರಿಗಳಿಗಾಗಿ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿತು. ನಮ್ಮ ನಾಡೂ ಈ ವಿಷಯದಲ್ಲಿ ಬರಿಗೈಯದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಂಕೋರ್ ಸಂಸ್ಥೆಯೊಡನೆ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯ ಗಣಕವನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿದರು. ಅದು ಲಿನಕ್ಸಿನ ಮೇಲೆ ನಡೆಯುತ್ತಿತ್ತು. ಯಂತ್ರದ ನಕ್ಷೆಯನ್ನು ಕೂಡ ಪರರು ಬಳಸಲೆಂದು ಪರವಾನಿಗೆಯ ಮೂಲಕ ತೆರೆದಿಟ್ಟಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಅದನ್ನು ತಯಾರಿಸಿತು. ಮಾರಾಟ ಸಾಕಷ್ಟಾಗದೆ, ಮೊಬೈಲ್ ಫೋನಿನ ಪ್ರವಾಹದಲ್ಲಿ ಅದು ಮರೆಯಾಯಿತು. ಬುದ್ಧಿಯು ಸೋಲಲಿಲ್ಲ, ಕೊಳ್ಳುವ ಕೈಗಳು ಸಾಲದಾದವು. ಸರ್ಕಾರಕ್ಕಿಂತ ದೊಡ್ಡ ಗಿರಾಕಿಯು ನಾಡಿನಲ್ಲಿ ಯಾರಿರುವರು?

ಎದುರಿಗಿರುವ ತೊಡಕುಗಳನ್ನು ಮರೆಮಾಚಲಾಗದು. ನಮ್ಮ ವರ್ತಕರು ಅವಲಂಬಿಸಿರುವ ಟ್ಯಾಲಿ ಲೆಕ್ಕದ ತಂತ್ರಾಂಶವು ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದುದಾದರೂ ವಿಂಡೋಸಿನ ನೆಲದ ಮೇಲೆಯೇ ನಿಂತಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಕಚೇರಿಗಳಿಗೆ ಕನ್ನಡವನ್ನು ತಂದ ಮಹೋಪಕಾರಿ, ಆದರೆ ಅದೂ ವಿಂಡೋಸಿಗಾಗಿಯೇ ಬಂದುದು, ಹಳೆಯ ಅಕ್ಷರ ಸಂಕೇತದಲ್ಲಿ ಬರೆದ ಕಡತಗಳು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಾಗದ ಗೆರೆಗಳಾಗುತ್ತವೆ. ಯೂನಿಕೋಡ್ ಬಂದ ಮೇಲೆ ಈ ಸಂಕಟಕ್ಕೆ ಪರಿಹಾರವುಂಟು. ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಹೀಗಿರಲು ಕನ್ನಡದ ಒಂದು ಸರ್ಕಾರಿ ಆಜ್ಞೆಯನ್ನು ಓದಲು ಪರದೇಶದ ಪರವಾನಿಗೆ ಬೇಕೆಂಬ ಸ್ಥಿತಿಯನ್ನು ಮುಂದುವರಿಸುವುದು ಯಾವ ಕಾರಣದಿಂದಲೂ ಸಮರ್ಥನೀಯವಲ್ಲ.

ಆದಕಾರಣ ಸರ್ಕಾರದವರಲ್ಲಿ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿಯೊಂದು ಗಣಕವೂ ಬೇರೊಂದು ಮುಕ್ತ ತಂತ್ರಾಂಶವನ್ನು ತಡೆಯಿಲ್ಲದೆ ಸ್ವೀಕರಿಸತಕ್ಕದ್ದೆಂಬ ಷರತ್ತು ಖರೀದಿಯ ಪತ್ರದಲ್ಲಿಯೇ ಇರಲಿ. ಎರಡನೆಯದಾಗಿ, ಶಾಲೆ, ಗ್ರಾಮ ಪಂಚಾಯತಿ, ಗ್ರಂಥಾಲಯಗಳ ಹಳೆಯ ಗಣಕಗಳನ್ನು ಹರಾಜಿಗೆ ಹಾಕುವ ಮುನ್ನ ಅವು ಲಿನಕ್ಸಿನಿಂದ ನಡೆಯಬಲ್ಲವೇ ಎಂದು ಪರೀಕ್ಷಿಸಲಿ. ಈ ಕೆಲಸಕ್ಕೆ ತುಮಕೂರಿನ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಿಂತ ಯೋಗ್ಯರು ಬೇರೆಯಿಲ್ಲ. ಮೂರನೆಯದಾಗಿ, ಸರ್ಕಾರದ ಅರ್ಜಿ, ರಸೀದಿ, ಆಜ್ಞೆಗಳು ಯಾವ ಯಂತ್ರದಲ್ಲಾದರೂ ತೆರೆಯುವ ರೂಪದಲ್ಲಿಯೇ ಹೊರಡಲಿ. ಇವುಗಳಿಗೆ ಬೇಕಾದುದು ಬೊಕ್ಕಸದ ಹಣಕ್ಕಿಂತ ಹೆಚ್ಚಾಗಿ ಅಧಿಕಾರಿಗಳ ದೃಢಮನಸ್ಸು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಯಾಯಿತು. ಕೋಲಾರದ ನರಸಾಪುರದಲ್ಲಿ ಆಪಲ್ ಕಂಪನಿಯ ಫೋನುಗಳನ್ನೇ ನಮ್ಮ ಹೆಣ್ಣುಮಕ್ಕಳು ಜೋಡಿಸುತ್ತಿರುವರು. ಆಕಾಶದಲ್ಲಿ ಹಾರುವ ಯಂತ್ರವನ್ನು ಕಟ್ಟಬಲ್ಲ ಜಿಲ್ಲೆ, ಪರರ ಫೋನನ್ನು ಜೋಡಿಸಬಲ್ಲ ನಾಡು, ತನ್ನ ಶಾಲೆಯ ಗಣಕವು ಎಷ್ಟು ವರ್ಷ ಬದುಕಬೇಕೆಂಬುದನ್ನು ನಿರ್ಣಯಿಸಲಾರದೆಂದರೆ ಅದು ಕೈಯ ದೋಷವಲ್ಲ, ಮನಸ್ಸಿನ ದೋಷ. ‘ಉಳುವವನೇ ಹೊಲದೊಡೆಯ’ನೆಂದು 1974ರಲ್ಲಿ ಕಾನೂನು ಮಾಡಿ ಗೇಣಿಯನ್ನು ನೀಗಿದ ನಾಡು ಇದು. ಗಣಕದ ಗೇಣಿಗೆ ಮಾತ್ರ ನಮ್ಮ ಕಚೇರಿಗಳೂ ಶಾಲೆಗಳೂ ತಲೆಬಾಗಿ ನಿಲ್ಲುವುದನ್ನು ಇನ್ನು ಸಹಿಸಬಾರದು.