ಪುಸ್ತಕ ಮುಚ್ಚಿಟ್ಟು ಕೂಡಿ ಓದುವುದು

ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆಗೆ ಮೂರು–ನಾಲ್ಕು ಮಂದಿ ಸೇರಿ ಓದುವ ರೂಢಿ ಕರ್ನಾಟಕದ ಊರೂರಲ್ಲೂ ಇದೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಶಾಲೆಯ ಜಗಲಿ, ಹಾಸ್ಟೆಲಿನ ಕೋಣೆ, ಯಾರದಾದರೂ ಮನೆಯ ಪಡಸಾಲೆ ಓದಿನ ತಾಣವಾಗುತ್ತವೆ. ಹಲವು ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರೇ ಮಕ್ಕಳನ್ನು ಗುಂಪುಗಳಾಗಿ ಮಾಡಿ ಸಂಜೆಯ ವಿಶೇಷ ತರಗತಿಯಲ್ಲಿ ಕೂರಿಸುತ್ತಾರೆ. ಹೀಗೆ ಓದಿ ಮೇಲೆ ಬಂದವರೂ ಇದ್ದಾರೆ, ಹೊತ್ತು ಕಳೆದುಕೊಂಡವರೂ ಇದ್ದಾರೆ. ಗುಂಪು ಕೂತಾಗ ಪುಸ್ತಕ ತೆರೆದಿತ್ತೇ, ಮುಚ್ಚಿತ್ತೇ ಎಂಬುದರ ಮೇಲೆ ಫಲ ಬಹುಮಟ್ಟಿಗೆ ನಿಂತಿದೆ.

ಪ್ರಶ್ನೆಪತ್ರಿಕೆ ಕೇಳುವುದೇನು?

ವಿಜ್ಞಾನಕ್ಕೆ ಲಿಖಿತ ಪರೀಕ್ಷೆಯಲ್ಲಿ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷವೂ ಸೇರಿ ಅವಧಿ 3 ಗಂಟೆ 15 ನಿಮಿಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಪ್ರತ್ಯೇಕ ಭಾಗಗಳಿವೆ. ವ್ಯಾಖ್ಯೆ ಬರೆಯುವುದು, ಚಿತ್ರ ಬಿಡಿಸಿ ಭಾಗ ಗುರುತಿಸುವುದು, ಸಮೀಕರಣ ಸರಿದೂಗಿಸುವುದು, ಲೆಕ್ಕ ಮಾಡುವುದು, ಕಾರಣ ಕೊಡುವುದು ಎಲ್ಲವೂ ಒಂದೇ ಪತ್ರಿಕೆಯಲ್ಲಿ ಬರುತ್ತವೆ. ಒಬ್ಬ ವಿದ್ಯಾರ್ಥಿಗೆ ಇವೆಲ್ಲ ಸಮನಾಗಿ ಒಲಿದಿರುವುದು ಅಪರೂಪ. ಲೆಕ್ಕದಲ್ಲಿ ಚುರುಕಾದವಳಿಗೆ ಹೃದಯದ ಚಿತ್ರ ತೊಡಕು, ಚಿತ್ರ ಚೆನ್ನಾಗಿ ಬಿಡಿಸುವವನಿಗೆ ಓಮ್‌ನ ನಿಯಮ ಕಗ್ಗಂಟು. ಗುಂಪು ಓದಿಗೆ ವಿಜ್ಞಾನ ಹೇಳಿಮಾಡಿಸಿದ ವಿಷಯವಾಗಿರುವುದು ಇದರಿಂದಲೇ.

ನೆನಪಿಗೆ ಕೆಲಸ ಕೊಟ್ಟರೆ ನೆನಪು ನಿಲ್ಲುತ್ತದೆ

ಪಾಠವನ್ನು ಮತ್ತೆ ಮತ್ತೆ ಓದಿದರೆ ಅದು ಪರಿಚಿತ ಎನಿಸುತ್ತದೆ. ಪರಿಚಯವನ್ನೇ ತಿಳಿವಳಿಕೆ ಎಂದುಕೊಳ್ಳುವುದು ಸುಲಭ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ 42ರಷ್ಟು. ನೋಡದೆ ಬರೆದವರಿಗೆ ಶೇ 56ರಷ್ಟು.

ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಪುಸ್ತಕ ನೋಡದೆ ಉತ್ತರ ಹೇಳುವಾಗ ನಡೆಯುವುದು ಇದೇ ಕೆಲಸ. ಒಂಟಿಯಾಗಿ ಓದುವವರು ತಡವರಿಸಿದಾಗ ಪುಟ ತಿರುವಿ ನೋಡಿಬಿಡುತ್ತಾರೆ. ಎದುರಿಗೆ ಗೆಳೆಯರಿದ್ದರೆ ಯೋಚಿಸಲೇಬೇಕಾಗುತ್ತದೆ.

ಚರ್ಚೆಗೂ ತನ್ನದೇ ಬಲವಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಕ್ಕದವರೊಡನೆ ಚರ್ಚಿಸಿದ ವಿದ್ಯಾರ್ಥಿಗಳು ಅದೇ ಬಗೆಯ ಹೊಸ ಪ್ರಶ್ನೆಗೆ ಒಬ್ಬೊಬ್ಬರಾಗಿಯೇ ಹೆಚ್ಚು ಸರಿಯಾಗಿ ಉತ್ತರಿಸಿದರು. ಗುಂಪಿನಲ್ಲಿ ಮೊದಲು ಯಾರಿಗೂ ಉತ್ತರ ಗೊತ್ತಿರದಿದ್ದರೂ ಮಾತಾಡುತ್ತಾ ವಿಷಯ ಅರ್ಥವಾಗಬಲ್ಲದು ಎಂದು ಸಂಶೋಧಕರು ಕಂಡುಕೊಂಡರು.

ಒಂದು ಲೆಕ್ಕ, ಒಂದು ಚಿತ್ರ

3 ಓಮ್ ಮತ್ತು 6 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದೆ, ಒಟ್ಟು ರೋಧ ಎಷ್ಟು ಎಂಬ ಲೆಕ್ಕವನ್ನೇ ನೋಡಬಹುದು. ಮೂರನೇ ಒಂದು, ಆರನೇ ಒಂದು ಕೂಡಿದರೆ ಅರ್ಧ ಬರುತ್ತದೆ. ಅದನ್ನು ತಿರುವಿ ಹಾಕಿದರೆ ಉತ್ತರ 2 ಓಮ್. ತಿರುವಿ ಹಾಕಲು ಮರೆತು 0.5 ಓಮ್ ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಇಂಥಲ್ಲಿ ‘ತಪ್ಪು’ ಎಂದಷ್ಟೇ ಹೇಳಿದರೆ ಕಲಿತಂತಾಗದು. ‘6 ವೋಲ್ಟ್ ಕೊಟ್ಟರೆ ಒಂದೊಂದರಲ್ಲೂ ಎಷ್ಟು ವಿದ್ಯುತ್ ಹರಿಯುತ್ತದೆ?’ ಎಂದು ಗೆಳತಿ ಕೇಳಬೇಕು. ಒಂದರಲ್ಲಿ 2 ಆಂಪೇರ್, ಇನ್ನೊಂದರಲ್ಲಿ 1 ಆಂಪೇರ್, ಒಟ್ಟು 3 ಆಂಪೇರ್. ಆರನ್ನು ಮೂರರಿಂದ ಭಾಗಿಸಿದರೆ 2 ಓಮ್. ಉತ್ತರ 0.5 ಓಮ್ ಆಗಿದ್ದರೆ 12 ಆಂಪೇರ್ ಹರಿಯಬೇಕಿತ್ತು. ಇಲ್ಲಿಗೆ ತಪ್ಪು ತಿದ್ದುವುದರ ಜೊತೆಗೆ, ಉತ್ತರವನ್ನು ತಾಳೆ ನೋಡುವ ದಾರಿಯೂ ಇಬ್ಬರಿಗೂ ಸಿಕ್ಕಿತು.

ಜೀವಶಾಸ್ತ್ರದಲ್ಲಿ ಹೃದಯದ ಚಿತ್ರ ಹೀಗೆಯೇ ಪ್ರಶ್ನೆಗೆ ಒದಗುತ್ತದೆ. ಪುಸ್ತಕದ ಚಿತ್ರದಲ್ಲಿ ಎಡ ಹೃತ್ಕುಕ್ಷಿ ನೋಡುವವರ ಬಲಕ್ಕಿದೆ, ಏಕೆ? ನಮಗೆ ಎದುರಾಗಿ ನಿಂತವರ ಹೃದಯವೆಂದು ಭಾವಿಸಿ ಚಿತ್ರ ಬಿಡಿಸಿರುವುದರಿಂದ. ಅದರ ಗೋಡೆ ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪ, ಏಕೆ? ಬಲಭಾಗ ರಕ್ತವನ್ನು ಹತ್ತಿರದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಎಡಭಾಗ ಇಡೀ ದೇಹಕ್ಕೆ ತಳ್ಳಬೇಕು. ಈ ಎರಡು ಉತ್ತರ ಬಾಯಲ್ಲಿ ಹೇಳಬಲ್ಲವರು ಭಾಗಗಳ ಹೆಸರು ಅದಲುಬದಲು ಮಾಡುವುದು ಕಡಿಮೆ.

ಬೆಳಕಿನ ಅಧ್ಯಾಯದಲ್ಲಿ ಮೂವರು ಕೆಲಸ ಹಂಚಿಕೊಳ್ಳಬಹುದು. ಪೀನ ಮಸೂರದ ಮುಂದೆ ವಸ್ತು ಎಲ್ಲಿದೆ ಎಂದು ಒಬ್ಬರು ಹೇಳುವುದು, ಇನ್ನೊಬ್ಬರು ಕಿರಣಚಿತ್ರ ಬಿಡಿಸುವುದು, ಕಿರಣಗಳಿಗೆ ಬಾಣದ ಗುರುತು ಇದೆಯೇ, ಮಿಥ್ಯ ಪ್ರತಿಬಿಂಬಕ್ಕೆ ಚುಕ್ಕೆಗೆರೆ ಎಳೆದಿದೆಯೇ ಎಂದು ಮತ್ತೊಬ್ಬರು ಪರೀಕ್ಷಿಸುವುದು. ಆಮೇಲೆ ಸರದಿ ಬದಲಾಗಬೇಕು.

ಗುಂಪು ಎಡವುವುದು ಎಲ್ಲಿ?

ಗುಂಪಿನ ಮೊದಲ ಅಪಾಯ ಹರಟೆ. ಅದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕಿಂತ ಸೂಕ್ಷ್ಮವಾದ ಅಪಾಯವೆಂದರೆ, ಎಲ್ಲ ಉತ್ತರಗಳೂ ಒಬ್ಬರ ಬಾಯಿಂದಲೇ ಬರುವುದು. ಉಳಿದವರು ತಲೆಯಾಡಿಸಿ ತಮಗೂ ತಿಳಿಯಿತೆಂದುಕೊಳ್ಳುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಆ ಒಬ್ಬರು ಪಕ್ಕದಲ್ಲಿರುವುದಿಲ್ಲ.

ಮೂರನೆಯದು ನೆನಪಿನ ಸ್ವಭಾವಕ್ಕೆ ಸೇರಿದ್ದು. ಎಲ್ಲರೂ ಒಟ್ಟಿಗೆ ನೆನಪಿಸಿಕೊಂಡಾಗ ಸಿಗುವ ಅಂಶಗಳಿಗಿಂತ, ಅಷ್ಟೇ ಜನ ಬೇರೆ ಬೇರೆ ಕೂತು ಬರೆದದ್ದನ್ನು ಒಟ್ಟುಗೂಡಿಸಿದಾಗ ಸಿಗುವ ಅಂಶಗಳು ಹೆಚ್ಚು ಎಂದು 1990ರ ದಶಕದಿಂದ ನಡೆದ ಪ್ರಯೋಗಗಳು ತೋರಿಸಿವೆ. ಒಬ್ಬರ ಮಾತು ಇನ್ನೊಬ್ಬರ ಯೋಚನೆಯ ಸರಣಿಯನ್ನು ಮುರಿಯುವುದು ಇದಕ್ಕೆ ಒಂದು ಕಾರಣ. ಆದ್ದರಿಂದ ಮೊದಲು ಪ್ರತಿಯೊಬ್ಬರೂ ಮೌನವಾಗಿ ಬರೆದು, ನಂತರ ಬಾಯಿ ತೆರೆಯುವುದು ಒಳ್ಳೆಯದು.

ನಾಲ್ಕನೆಯದು, ತಪ್ಪು ಉತ್ತರವನ್ನೇ ಎಲ್ಲರೂ ಒಪ್ಪಿಬಿಡುವುದು. ಒಮ್ಮತ ಆಯಿತೆಂದ ಮಾತ್ರಕ್ಕೆ ಉತ್ತರ ಸರಿಯಾಗದು. ಕೊನೆಗೆ ಪಠ್ಯಪುಸ್ತಕ ತೆರೆದು ತಾಳೆ ನೋಡಲೇಬೇಕು. ಅಲ್ಲೂ ಬಗೆಹರಿಯದಿದ್ದರೆ ಗುರುತು ಹಾಕಿಕೊಂಡು ಮರುದಿನ ಮೇಷ್ಟ್ರನ್ನೋ ಮೇಡಂ ಅವರನ್ನೋ ಕೇಳಬೇಕು.

ಒಂದು ಸಂಜೆಯ ಕ್ರಮ

ಗುಂಪಿನಲ್ಲಿ ಮೂವರು ಅಥವಾ ನಾಲ್ವರು ಸಾಕು. ಐದಾರು ಮಂದಿಯಾದರೆ ಸುಮ್ಮನೆ ಕೂರುವವರು ಹುಟ್ಟಿಕೊಳ್ಳುತ್ತಾರೆ. ಯಾವ ಅಧ್ಯಾಯ ಎಂಬುದು ಹಿಂದಿನ ದಿನವೇ ಗೊತ್ತಾಗಿರಬೇಕು, ಎಲ್ಲರೂ ಅದನ್ನು ಒಮ್ಮೆ ಓದಿಕೊಂಡೇ ಬರಬೇಕು. ಮೊದಲ ಹತ್ತು ನಿಮಿಷ ನೋಡದೆ ಬರೆಯುವುದು. ಮುಂದಿನ ಅರ್ಧ ಗಂಟೆ ಸರದಿಯಂತೆ ಪ್ರಶ್ನೆ ಕೇಳುವುದು, ಉತ್ತರ ಹೇಳುವುದು, ಚಿತ್ರ ಬಿಡಿಸುವುದು. ಕೊನೆಯ ಹತ್ತು ನಿಮಿಷ ಪುಸ್ತಕದೊಡನೆ ಹೋಲಿಸಿ ತಪ್ಪುಗಳನ್ನು ಪಟ್ಟಿ ಮಾಡುವುದು. ಮೊಬೈಲುಗಳೆಲ್ಲ ಅಷ್ಟು ಹೊತ್ತು ಒಂದು ಮೂಲೆಯಲ್ಲಿರಲಿ.

ಆ ಪಟ್ಟಿಯ ಪ್ರಶ್ನೆಗಳು ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮರಳಿ ಬರಬೇಕು. ಒಂದೇ ರಾತ್ರಿ ಕೂತು ಓದಿದ್ದಕ್ಕಿಂತ ದಿನ ಬಿಟ್ಟು ಬಿಟ್ಟು ಓದಿದ್ದು ಹೆಚ್ಚು ಕಾಲ ಉಳಿಯುತ್ತದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಅವನ್ನು ಮಾತ್ರ ಗುಂಪಿನಲ್ಲಿ ಬಿಡಿಸಬಾರದು. ಗಡಿಯಾರ ಎದುರಿಗಿಟ್ಟುಕೊಂಡು ಒಬ್ಬೊಬ್ಬರೇ ಬರೆದು, ಆಮೇಲೆ ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿಕೊಂಡು ತಿದ್ದಬೇಕು. ಪರೀಕ್ಷೆಯ ಹಿಂದಿನ ಸಂಜೆ ಗುಂಪು ಸೇರದಿರುವುದೇ ಲೇಸು. ಗೆಳೆಯರಿಗೆ ಗೊತ್ತಿದ್ದು ತನಗೆ ಗೊತ್ತಿಲ್ಲದ್ದು ಆಗ ಕಣ್ಣಿಗೆ ಬಿದ್ದರೆ ಅಂಜಿಕೆ ಹೆಚ್ಚುತ್ತದೆಯೇ ಹೊರತು ಕಲಿಕೆಯಲ್ಲ.

ಹಿರಿಯರಿಂದ ಆಗಬೇಕಾದದ್ದು ದೊಡ್ಡದೇನಲ್ಲ. ಬೆಳಕಿರುವ ಒಂದು ಜಾಗ, ಕತ್ತಲಾದ ಮೇಲೆ ಹೆಣ್ಣುಮಕ್ಕಳು ಮನೆ ಸೇರಲು ಒಂದು ಭರವಸೆ, ‘ನಿನ್ನ ಓದು ನೀನು ನೋಡಿಕೋ, ಬೇರೆಯವರಿಗೆ ಹೇಳಿಕೊಡುತ್ತಾ ಕೂರಬೇಡ’ ಎನ್ನದಿರುವ ದೊಡ್ಡತನ. ಹೇಳಿಕೊಡುವ ಮಗುವೂ ಆ ಹೊತ್ತಿನಲ್ಲಿ ಕಲಿಯುತ್ತಿರುತ್ತದೆ. ಜಾಣ ವಿದ್ಯಾರ್ಥಿಯನ್ನು ಹಿಂದುಳಿದವರಿಂದ ದೂರ ಕೂರಿಸುವ ಮನೆಗಳೂ ಶಾಲೆಗಳೂ ಇದನ್ನು ಮನಗಂಡು, ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕು.